ಕಿತ್ತೂರಿನ 128: ಮೋಡೆಮ್ಮಿನಿಂದ ಓಎಫ್‌ಸಿಗೆ ಒಂದು ತಪ್ಪು ಭಾಗಾಕಾರ

ಕಿತ್ತೂರೆಂದರೆ 1824ನ್ನು ದಾಟಿ ಈಚೆ ಬರಲು ನಮ್ಮ ಇತಿಹಾಸಕಾರರಿಗೆ ಮನಸ್ಸಿಲ್ಲ. ದೂರಸಂಪರ್ಕ ಸಂಶೋಧನೆಯ ಸಿ-ಡಾಟ್ ಸಂಸ್ಥೆ ತನ್ನ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜನ್ನು 1986ರಲ್ಲಿ ಚಾಲೂ ಮಾಡಿದ್ದು ಇದೇ ಊರಿನಲ್ಲಿ, ಆಗಿನ ಬೈಲಹೊಂಗಲ (ಹಳೆಯ ದಫ್ತರಗಳ ಸಂಪಗಾಂವ) ತಾಲೂಕಿನಲ್ಲಿ. ಈ ಸಂಗತಿಯನ್ನು ಕೈಗೆತ್ತಿಕೊಂಡ ಕೆಲವೇ ಮಂದಿಯಲ್ಲಿ ಹಿರಿಯರೊಬ್ಬರು ಅದನ್ನು ತಲೆಕೆಳಗು ಮಾಡಿಟ್ಟಿದ್ದಾರೆ. ಅವರ ಪ್ರಕಾರ ಕಿತ್ತೂರಿಗೆ 1986ರಲ್ಲೇ 128 ಕಿಲೋಬಿಟ್ ವೇಗ ದಕ್ಕಿತ್ತು. ಡಯಲಪ್ ಬಂದಾಗ ಅದು 56ಕ್ಕೆ ಕುಸಿಯಿತು. ಭಾರತ್‌ನೆಟ್ಟಿನ 100 ಮೆಗಾಬಿಟ್ಟಿನಿಂದ 1,786 ಪಟ್ಟು ಏರಿತು. ಕಥೆ ಓದಲು ಚೆಂದ. ಆದರೆ ಅದರ ಮೂರು ಅಂಕೆಗಳು ಅಳೆಯುವುದು ಮೂರು ಬೇರೆ ಬೇರೆ ವಸ್ತುಗಳನ್ನು.

128 ಎಂಬುದು ಆ ಎಕ್ಸ್‌ಚೇಂಜಿನ ಪೋರ್ಟುಗಳ ಎಣಿಕೆ. ಅವೂ ಎಲ್ಲ ಚಂದಾದಾರರಿಗೆ ಸಿಗುತ್ತಿರಲಿಲ್ಲ, ಹೊರಗಿನ ಎಕ್ಸ್‌ಚೇಂಜಿಗೆ ಹೋಗುವ ಜಂಕ್ಷನ್ ಲೈನುಗಳಿಗೂ ಅವುಗಳಲ್ಲೇ ಪಾಲು. ಹಿರಿಯರು ಎಲ್ಲಿ ಎಡವಿದರೆಂದು ಊಹಿಸಬಹುದು: ಐಎಸ್‌ಡಿಎನ್‌ನ ಮೂಲ ಸಂಪರ್ಕದಲ್ಲಿ 64 ಕಿಲೋಬಿಟ್ಟಿನ ಎರಡು ಚಾನೆಲ್ ಕೂಡಿದರೆ 128. ಆ 128ನ್ನು ತಂದು ಈ 128ರ ಮೇಲೆ ಹೇರಿದ್ದಾರೆ. (ಅವರ ಶಾಸನಾಧ್ಯಯನಕ್ಕೆ ನಾನು ಋಣಿ. ಶಾಸನದ ಮತ್ತರು ಯಾವ ಕೋಲಿನಿಂದ ಅಳೆದದ್ದು ಎಂದು ಪುಟಗಟ್ಟಲೆ ಜಿಜ್ಞಾಸೆ ಮಾಡುವವರು ಇಲ್ಲಿ ಮಾನವನ್ನೇ ಕೇಳದೆ ಮುಂದೆ ಹೋದದ್ದು ಸೋಜಿಗ.) ಎಸಿ ಇಲ್ಲದೆ ದೂಳು, ಸೆಕೆ ತಾಳಿಕೊಂಡು ಹಳ್ಳಿಯ ಫೋನು ನಡೆಯಲಿ ಎಂದು ಕಟ್ಟಿದ ಯಂತ್ರವದು; ಅದನ್ನು ಇಂಟರ್ನೆಟ್ಟಿನ ಪೂರ್ವಜನನ್ನಾಗಿ ಮಾಡಿ ಮೆರೆಸಿದರೆ ಅದನ್ನು ಕಟ್ಟಿದ ಎಂಜಿನಿಯರುಗಳಿಗೇ ಅನ್ಯಾಯ.

ಹಾಗಾದರೆ ಮಾನ ಯಾವುದು? ನನ್ನ ಮಟ್ಟಿಗೆ 64. ಡಿಜಿಟಲ್ ಎಕ್ಸ್‌ಚೇಂಜ್ ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತದೆ: 64,000 ಬಿಟ್. ಇಂಥ 32 ಚಾನೆಲ್ ಸೇರಿದರೆ 2,048 ಕಿಲೋಬಿಟ್ಟಿನ ಇ-1. (ಇದನ್ನು ಕಂಪ್ಯೂಟರಿನ 1,024ರ ದುಪ್ಪಟ್ಟೆಂದು ವಿವರಿಸುವವರೂ ಇದ್ದಾರೆ. ಅಲ್ಲ, 32ನ್ನು 64ರಿಂದ ಗುಣಿಸಿ ಬಂದದ್ದು. ದೂರಸಂಪರ್ಕದಲ್ಲಿ ಕಿಲೋ ಎಂದರೆ ಸಾವಿರವೇ.) 63 ಇ-1ಗಳನ್ನು ಆಪ್ಟಿಕಲ್ ಫೈಬರ್ ಕೇಬಲ್ಲಿನ (ಓಎಫ್‌ಸಿ) ಮೇಲೆ 155.52 ಮೆಗಾಬಿಟ್ಟಿನ ಒಂದು ಎಸ್‌ಟಿಎಂ-1 ಹೊರುತ್ತದೆ.

ಮೋಡೆಮ್ ಈ 64ರ ಲೆಕ್ಕದ ಹೊರಗಿನದಲ್ಲ. ಅದರ ಚೀರಾಟವನ್ನೂ ಎಕ್ಸ್‌ಚೇಂಜು ಮಾತೆಂದೇ ಎಣಿಸಿ ಕರೆ ಮುಗಿಯುವ ತನಕ ಪೂರ್ತಿ 64 ಕಿಲೋಬಿಟ್ ಕೊಡುತ್ತಿತ್ತು. ವಿ.22 ಬಿಸ್ ಮೋಡೆಮ್ ಕಳಿಸುತ್ತಿದ್ದದ್ದು 2,400 ಬಿಟ್ (ಬಾಡ್ ಲೆಕ್ಕದಲ್ಲಿ 600, ಬಾಡನ್ನೂ ಬಿಟ್ಟನ್ನೂ ಒಂದೆಂದು ಬರೆಯುವವರೊಡನೆ ನನಗೆ ವಾದವಿಲ್ಲ). ಅಷ್ಟಕ್ಕೆ ಜಾಲ ತೆರುತ್ತಿದ್ದದ್ದು ಸುಮಾರು 27 ಪಟ್ಟು. ಇನ್ನು 1998ರ ವಿ.90. ಅದರ 56 ಎಲ್ಲಿಂದ ಬಂತು? 8 ಬಿಟ್‌ಗಳಲ್ಲಿ 7ನ್ನು ಬಳಸಿ 8,000ದಿಂದ ಗುಣಿಸಿ ಬಂತು. ಅಂದರೆ ಜಾಲ ಆಗಲೇ ಡಿಜಿಟಲ್ ಆಗಿದ್ದುದರಿಂದಲೇ ಆ 56 ಸಾಧ್ಯವಾಯಿತು. ಇಂಟರ್ನೆಟ್ ಸೇವೆಯ ಕಡೆಯಿಂದ ಚಂದಾದಾರನ ಎಕ್ಸ್‌ಚೇಂಜಿನವರೆಗೆ ದಾರಿಯುದ್ದಕ್ಕೂ ಡಿಜಿಟಲ್ ಇರಬೇಕು. ನಡುವೆ ಒಂದೇ ಒಂದು ಅನಲಾಗ್ ಜಂಕ್ಷನ್ ಸಿಕ್ಕರೂ ವೇಗ ವಿ.34ರ 33.6ಕ್ಕೋ ಅದಕ್ಕಿಂತ ಕೆಳಕ್ಕೋ ಬೀಳುತ್ತದೆ. ಮೇಲಕ್ಕೆ ಕಳಿಸುವ ದಿಕ್ಕಿನಲ್ಲಂತೂ ವಿ.90ಕ್ಕೂ 33.6ನ್ನು ದಾಟುವ ದಾರಿಯಿರಲಿಲ್ಲ. ಆದ್ದರಿಂದ ಎಕ್ಸ್‌ಚೇಂಜಿನ ಕೋಣೆಯೊಳಗಿನ ಯಂತ್ರವನ್ನು ನೋಡಿ ಊರಿನ ವೇಗ ಹೇಳುವಂತಿಲ್ಲ. ಅಲ್ಲಿಂದ ಹೊರಟ ಲೈನನ್ನು ನೋಡಬೇಕು. ಮೋಡೆಮ್ ಯುಗ ಮುಗಿದ ಮೇಲೆ ಓಎಫ್‌ಸಿ ಯುಗ ಬಂತೆಂಬ ಕಾಲವಿಭಾಗವೂ ಇಲ್ಲಿಗೆ ಬಿದ್ದುಹೋಗುತ್ತದೆ: ಟ್ರಂಕ್ ಓಎಫ್‌ಸಿಯದಾಗಿದ್ದ ಕಡೆಗಳಲ್ಲಿ ಡಯಲಪ್ ಕರೆ ಸಾಗಿದ್ದೇ ಅದರ ಮೇಲೆ.

ಉಳಿದದ್ದು 100. 2011ರಲ್ಲಿ ಮಂಜೂರಾಗಿ ಆಮೇಲೆ ಭಾರತ್‌ನೆಟ್ ಎಂದಾದ ಯೋಜನೆ ಈ ಅಂಕೆಯನ್ನು ಗೊತ್ತುಮಾಡಿದ್ದು ಒಂದೊಂದು ಗ್ರಾಮ ಪಂಚಾಯಿತಿಗೆ. 56 ಒಂದು ಮನೆಯ ಫೋನಿನದು. ಎರಡನ್ನೂ ಭಾಗಿಸುವ ಮೊದಲು ಒಂದೇ ಹೊರೆಯನ್ನು ಎರಡರ ಮೇಲೂ ಹೇರಿ ನೋಡೋಣ. ದಶಲಕ್ಷ ಬೈಟಿನ ಒಂದು ಕಡತಕ್ಕೆ, ನಡುವೆ ಅನಲಾಗ್ ಜಂಕ್ಷನ್ ಇದ್ದಾಗ ಹೆಚ್ಚೆಂದರೆ ಸಿಗುವ 33.6ರ ಮೋಡೆಮ್ಮಿನಲ್ಲಿ ಸುಮಾರು 238 ಸೆಕೆಂಡ್ ಬೇಕು. 2,400ರ ಮೋಡೆಮ್ಮಿನಲ್ಲಿ, ಪ್ರತಿ ಬೈಟಿಗೆ ಆರಂಭದ ಒಂದು, ಅಂತ್ಯದ ಒಂದು ಬಿಟ್ ಸೇರಿಸಿ, 69 ನಿಮಿಷ. ಪಂಚಾಯಿತಿಯ 100 ಮೆಗಾಬಿಟ್ ಒಬ್ಬರಿಗೇ ಸಿಕ್ಕರೆ 0.08 ಸೆಕೆಂಡ್; 33.6ಕ್ಕೆ ಹೋಲಿಸಿದರೆ 2,976 ಪಟ್ಟು ವೇಗ. ಅದೇ 100ನ್ನು ಒಮ್ಮೆಗೇ 30 ಮಂದಿ ಸಮನಾಗಿ ಹಂಚಿಕೊಂಡರೆ ಒಬ್ಬೊಬ್ಬರಿಗೆ 3.3 ಮೆಗಾಬಿಟ್, ಆಗ ಸುಮಾರು 99 ಪಟ್ಟು. ಹಿರಿಯರ 1,786 ಈ ಎರಡು ಲೆಕ್ಕಗಳಲ್ಲಿ ಯಾವುದರಲ್ಲೂ ಬರುವುದಿಲ್ಲ.