ಶಿಡ್ಲಘಟ್ಟ ಸೀಮೆಯ ಕಳ್ಳಿಗಳು: ಒಂದು ಐತಿಹಾಸಿಕ ವಿವೇಚನೆ

ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ ಮತ್ತು ಗೌರಿಬಿದನೂರು ಸೀಮೆಯ ಕಲ್ಲುಗುಡ್ಡಗಳಲ್ಲಿಯೂ ಕಾಯ್ದಿಟ್ಟ ಕುರುಚಲು ಕಾಡುಗಳಲ್ಲಿಯೂ ಬೆಳೆಯುವ ಹಲವು ಬಗೆಯ ಮುಳ್ಳುಗಿಡಗಳನ್ನು ಜನರು ಕಳ್ಳಿಯೆಂಬ ಒಂದೇ ಹೆಸರಿನಿಂದ ಕರೆಯುವರು. ಈ ಕಾಡುಗಳ ದೇಶೀಯ ಕಳ್ಳಿಗಳನ್ನು ಪಟ್ಟಿಮಾಡಲು ಹೊರಡುವವರು ಮೊದಲು ಒಂದು ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕು. ಇವುಗಳಲ್ಲಿ ಈ ನೆಲದಲ್ಲಿಯೇ ಹುಟ್ಟಿದವು ಯಾವುವು, ಹೊರಗಿನಿಂದ ಬಂದು ನೆಲೆಸಿದವು ಯಾವುವು?

ಚದುರಗಳ್ಳಿಯನ್ನು ಮುರಿದರೆ ಬಿಳಿಯ ಹಾಲು ಸುರಿಯುತ್ತದೆ. ಇದು ಯೂಫೋರ್ಬಿಯ ಕುಲಕ್ಕೆ ಸೇರಿದುದು. ನಮ್ಮ ದೇಶದ ಒಣನೆಲದ ಸಹಜ ಸಸ್ಯ. ಪಾಪಾಸುಕಳ್ಳಿಯಲ್ಲಿಯಾದರೋ ಅಂತಹ ಹಾಲಿಲ್ಲ. ಅದು ನಿಜವಾದ ಕ್ಯಾಕ್ಟಸ್. ಅದರ ತವರು ಅಮೆರಿಕ. ಆದುದರಿಂದ 1492ರ ಕೊಲಂಬಸನ ಯಾತ್ರೆಗೆ ಮುಂಚೆ ಅದು ಇಲ್ಲಿ ಇದ್ದಿತೆನ್ನಲು ಆಧಾರವಿಲ್ಲ. ಪಾಪಾಸು ಎಂದರೆ ಪಾದರಕ್ಷೆ. ಪಾರಸಿ ಮೂಲದ ಮಾತು. ಹಳೆಯ ಕಳ್ಳಿಯೆಂಬ ಹೆಸರಿಗೆ ಹೊಸ ವಿಶೇಷಣವೊಂದು ಸೇರಿರುವುದು ಕೂಡ ಈ ಸಸ್ಯ ತಡವಾಗಿ ಬಂದುದೆಂಬುದಕ್ಕೆ ಹೊಂದಿಕೊಳ್ಳುತ್ತದೆ.

ಈ ಸಸ್ಯಕ್ಕೆ ರಾಜ್ಯಾಡಳಿತದ ಚರಿತ್ರೆಯೊಡನೆಯೂ ಸಂಬಂಧವುಂಟು. ಕಿರಮಂಜಿ ಬಣ್ಣವನ್ನು ಕೊಡುವ ಕೊಚಿನೀಲ್ ಕೀಟ ಪಾಪಾಸುಕಳ್ಳಿಯ ಮೇಲೆ ಬದುಕುವುದು. ಸ್ಪೇನಿನವರ ಹಿಡಿತದಲ್ಲಿದ್ದ ಈ ಲಾಭದ ವ್ಯಾಪಾರವನ್ನು ಈಸ್ಟ್ ಇಂಡಿಯಾ ಕಂಪೆನಿ ತನ್ನದಾಗಿಸಿಕೊಳ್ಳಬಯಸಿತು. ಮದರಾಸಿನಲ್ಲಿ ವೈದ್ಯ ಜೇಮ್ಸ್ ಆಂಡರ್ಸನ್ 1780ರ ದಶಕದಿಂದ ಇದಕ್ಕಾಗಿ ಶ್ರಮಿಸಿದನು. 1795ರಲ್ಲಿ ಬ್ರೆಜಿಲಿನಿಂದ ಕಲ್ಕತ್ತೆಗೆ ಕೀಟ ಬಂದಿತು. ಆದರೆ ಅದು ಕೀಳುತಳಿಯದು. ಬಣ್ಣದ ಉದ್ಯಮ ನೆಲೆಯೂರಲಿಲ್ಲ, ಕೀಟವು ಕಳ್ಳಿಯನ್ನೇ ತಿಂದು ಹಾಕಿತು. ಮುಂದೆ 1926ರಲ್ಲಿ ಮತ್ತೊಂದು ಜಾತಿಯ ಕೊಚಿನೀಲ್ ಕೀಟವನ್ನು ಸಿಂಹಳದಿಂದ ತರಿಸಿದುದು ಬಣ್ಣಕ್ಕಾಗಿ ಅಲ್ಲ, ಹೊಲಗಳನ್ನು ಆಕ್ರಮಿಸಿದ್ದ ಪಾಪಾಸುಕಳ್ಳಿಯ ನಾಶಕ್ಕಾಗಿ.

ಕಂಪೆನಿಯ ಈ ಪ್ರಯತ್ನದ ಕಾಲದಲ್ಲಿಯೇ ಟಿಪ್ಪು ಸುಲ್ತಾನನು ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸಿ ಮೈಸೂರು ಸೀಮೆಯಲ್ಲಿ ಸಾಕಣೆಗೆ ಪ್ರೋತ್ಸಾಹವಿತ್ತನು. ಒಂದು ಗಿಡ, ಅದರ ಮೇಲೆ ಬದುಕುವ ಒಂದು ಕೀಟ, ಅದರಿಂದ ರಾಜ್ಯಕ್ಕೆ ಆದಾಯ. ಎರಡು ಯೋಜನೆಗಳ ಸ್ವರೂಪವೂ ಒಂದೇ. ಕೊಚಿನೀಲ್ ಸೋತಿತು. ರೇಷ್ಮೆ ನೆಲೆನಿಂತು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೂ ನೂಲು ಬಿಚ್ಚುವ ಕಸುಬಿಗೂ ಹೆಸರು ತಂದಿತು.

ಆದುದರಿಂದ ಕಾಡಿನ ಸಮೀಕ್ಷೆಯಲ್ಲಿ ಹಾಲುಗಳ್ಳಿಯನ್ನೂ ಪಾಪಾಸುಕಳ್ಳಿಯನ್ನೂ ಬೇರೆ ಬೇರೆಯಾಗಿಯೇ ಬರೆಯುವುದು ಯುಕ್ತ. ಎರಡನ್ನೂ ದೇಶೀಯವೆಂದರೆ ಚರಿತ್ರೆಗೆ ಅಪಚಾರ. ಎರಡನ್ನೂ ಪರದೇಶದ ಕಳೆಯೆಂದು ಕಿತ್ತರೆ ಕಾಡಿಗೆ ನಷ್ಟ. ಇತಿಹಾಸದ ವಿದ್ಯಾರ್ಥಿಗೂ ಇಲ್ಲೊಂದು ಎಚ್ಚರಿಕೆಯಿದೆ. ಹದಿನಾರನೆಯ ಶತಮಾನಕ್ಕೆ ಹಿಂದಿನ ಬರಹದಲ್ಲಿ ಕಳ್ಳಿಯೆಂಬ ಮಾತು ಬಂದಲ್ಲಿ ಅದನ್ನು ಪಾಪಾಸುಕಳ್ಳಿಯೆಂದು ಅರ್ಥೈಸಲಾಗದು.