ಹಿಡಕಲ್ ನೀರಿನ ಕೆಳಗಿನ ಲೆಕ್ಕ: ಒಂದು ಮನಿ ಎತ್ತಿ ಇನ್ನೊಂದು ಕಡೆ ಇಡಾಕ ಎಷ್ಟು ಖರ್ಚು?

ಭಾಗ 1/8

ದೋಸ್ತರ, ಒಂದು ಪ್ರಶ್ನೆ. ನಿಮ್ಮ ಮನಿ ಪುಣೆಗೋ ಬೆಂಗಳೂರಿಗೋ ಶಿಫ್ಟ್ ಮಾಡಬೇಕು ಅಂದ್ರ ಮೊದಲ ಏನು ಮಾಡ್ತೀರಿ? ಟೆಂಪೋದವರಿಗೆ ಫೋನ್ ಹಚ್ಚಿ ಬಾಡಿಗಿ ಕೇಳ್ತೀರಿ. ಹೊಸ ಮನಿ ಡಿಪಾಸಿಟ್ ಎಷ್ಟು, ಹಮಾಲರಿಗೆ ಎಷ್ಟು, ಕಪಾಟು ಒಯ್ಯೋದೋ ಮಾರೋದೋ ಅಂತ ಒಂದು ಹಾಳಿ ಮ್ಯಾಲ ಬರೀತೀರಿ.

ಈಗ ಪ್ರಶ್ನೆ ಸ್ವಲ್ಪ ಬದಲಿ ಮಾಡೋಣ. ನಿಮ್ಮ ಜೋಡಿ ಇಡೀ ಊರ ಹೊಂಟೈತಿ. ಹೋಗೋದು ಬಿಡೋದು ನಿಮ್ಮ ಕೈಯಾಗಿಲ್ಲ. ಹೊಲ ಸಂಗಾಟ ಬರೂದಿಲ್ಲ. ಹೊಸ ಊರು ಒಗ್ಗಲಿಲ್ಲ ಅಂತ ತಿರುಗಿ ಬರಬೇಕಂದ್ರ ಹಳೇ ಊರ ನೀರಾಗ ಇರ್ತೈತಿ. ಈಗ ಆ ಹಾಳಿ ಮ್ಯಾಲ ಏನೇನು ಬರೀತೀರಿ?

ನಮ್ಮ ಹುಕ್ಕೇರಿ ತಾಲ್ಲೂಕಿನ ಎಷ್ಟೋ ಮನೆತನಗಳು ಈ ಲೆಕ್ಕ ಹಾಕಿದ್ದವು. ಈ ಸರಣಿ ಆ ಲೆಕ್ಕದ ಇತಿಹಾಸ. ಸೇವ್ ಮಾಡ್ಕೊಂಡು ಪೂರ್ತಿ ಓದ್ರಿ. ಕೊನೇ ಭಾಗ ನಿಮ್ಮ ಮನಿಗೂ ಬೇಕಾಗಬಹುದು.

ಭಾಗ 2/8: ನೀರು ಎಲ್ಲಿಂದ, ಎಲ್ಲಿಗೆ

ಘಟಪ್ರಭಾ ನದಿಗೆ ಮೊದಲು ದೊಡ್ಡ ಒಡ್ಡು ಬಿದ್ದದ್ದು ಗೋಕಾಕ ಹತ್ತಿರದ ಧೂಪದಾಳದಲ್ಲಿ. ಬ್ರಿಟಿಷರ ಕಾಲ, 1897. ಅಲ್ಲಿಂದ ಎಡದಂಡೆ ಕಾಲುವೆ 71 ಕಿ.ಮೀ. ಹರಿಯಿತು. ಆದರೆ ಆ ಒಡ್ಡಿನ ಕೆಲಸ ನೀರನ್ನು ಕಾಲುವೆಗೆ ತಿರುಗಿಸುವುದು. ಮಳೆಗಾಲದ ನೀರನ್ನು ಬ್ಯಾಸಿಗಿ ತನಕ ಕೂಡಿಡಾಕ ಅದರ ಕೈಲೆ ಆಗ್ತಿರಲಿಲ್ಲ. ನದಿ ಸೊರಗಿದ್ರ ಕಾಲುವೆನೂ ಸೊರಗ್ತಿತ್ತು.

ಹಿಂಗಾಗಿ ಧೂಪದಾಳದ ಮೇಲ್ಭಾಗದಲ್ಲಿ, ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ದೊಡ್ಡ ಅಣೆಕಟ್ಟು ಎದ್ದಿತು. 1977ರ ಹೊತ್ತಿಗೆ ಕಟ್ಟಡ ಮುಗಿಯಿತು. ಎತ್ತರ 62 ಮೀಟರ್, ಗೇಟು 10, ಪೂರ್ಣ ಮಟ್ಟ 2,175 ಅಡಿ, ಹಿಡಿಯೋ ನೀರು 51 ಟಿಎಂಸಿ. ಒಂದು ಟಿಎಂಸಿ ಅಂದ್ರ ಸುಮಾರು 2,830 ಕೋಟಿ ಲೀಟರ್. ಜಲಾಶಯಕ್ಕೆ ವಂಟಮುರಿಯ ರಾಜಾ ಲಖಮಗೌಡರ ಹೆಸರಿಟ್ಟರು. ಬೆಳಗಾವಿಯ ಆರ್‌ಎಲ್‌ಎಸ್ ಕಾಲೇಜಿನ ಹೆಸರಿನಾಗ ಇರೋರೂ ಅವರೇ.

ಇಡೀ ಯೋಜನೆಯಿಂದ ನೀರಾವರಿ ಮೂರು ಲಕ್ಷ ಹೆಕ್ಟೇರ್‌ಗೂ ಹೆಚ್ಚು. ಗೋಕಾಕ, ಮೂಡಲಗಿ ಕಡೆಯ ಹೊಲಗಳಾಗ ಕಣ್ಣು ಹಾಯೋ ತನಕ ಕಬ್ಬು ನಿಂತೈತಲ್ಲ, ಅದರ ಹಿಂದ ಈ ನೀರು ಐತಿ. ಆ ನೀರು ನಿಲ್ಲಾಕ ಜಾಗ ಬೇಕಿತ್ತು. ಜಾಗ ಕೊಟ್ಟವು ಹೆಚ್ಚಾಗಿ ಹುಕ್ಕೇರಿ ತಾಲ್ಲೂಕಿನ ನದಿ ದಂಡೆಯ ಹಳ್ಳಿಗಳು. ಬ್ಯಾಸಿಗಿಯಾಗ ನೀರು ಬಹಳ ಇಳಿದಾಗ ಹಳೇ ಹುನ್ನೂರಿನ ವಿಠ್ಠಲ ದೇವಸ್ಥಾನ ಹೊರಗ ಕಾಣತೈತಿ. ಜನ ಹೋಗಿ ದರ್ಶನ ಮಾಡಿ, ಸೆಲ್ಫಿ ತಗೊಂಡು ಬರ್ತಾರ. ಆ ಗುಡಿ ಸುತ್ತ ಒಂದು ಕಾಲಕ್ಕ ಒಲಿ ಉರೀತಿದ್ದವು ಅನ್ನೋದನ್ನ ನೆನಪಿನಾಗ ಇಟ್ಕೊಂಡು ಮುಂದಿನ ಭಾಗಕ್ಕ ಬರ್ರಿ.

ಭಾಗ 3/8: ಚಕ್ಕಡಿ ಲೆಕ್ಕ

ಇದು ದಾಖಲೆಯಿಂದ ತಗೊಂಡದ್ದಲ್ಲ. ನಾವು ಗಣಿತದ ಪಿರೇಡಿನಾಗ ಹಾಕೋ ಹಂತಾ ಲೆಕ್ಕ.

ನಮ್ಮ ಕಡೆ ಹಳೇ ಮನಿ ಅಂದ್ರ ಮಣ್ಣಿನ ಗ್ವಾಡಿ, ಕಟ್ಟಿಗಿ ತೊಲಿ, ಮ್ಯಾಲ ಮಣ್ಣಿನ ಮಾಳಿಗಿ ಇಲ್ಲಾ ಹಂಚು. ಗ್ವಾಡಿ ಒಯ್ಯಾಕ ಬರೂದಿಲ್ಲ. ತೊಲಿ, ಕಂಬ, ಬಾಗಿಲು, ಹಂಚು, ಒಳ್ಳೇ ಕಲ್ಲು ಇವನ್ನ ಬಿಚ್ಚಿ ಒಯ್ಯಬೇಕು, ಯಾಕಂದ್ರ ಹೊಸಾದು ಕೊಳ್ಳೂದು ದುಬಾರಿ.

ಕಟ್ಟಿಗಿಗೆ 4 ಚಕ್ಕಡಿ, ಹಂಚು–ಕಲ್ಲಿಗೆ 5, ಕಾಳು–ಕಡಿ ಮತ್ತ ಭಾಂಡೆಗೆ 2, ಬಣವಿಯ ಕಣಕಿಗೆ 3, ನೇಗಿಲು–ಕುಂಟಿಗೆ 1. ಒಟ್ಟು 15 ಖೇಪು. ಹೊಸ ಜಾಗ 12 ಕಿ.ಮೀ. ದೂರ ಅನ್ನೋಣ. ತುಂಬಿದ ಚಕ್ಕಡಿ ತಾಸಿಗೆ 3–4 ಕಿ.ಮೀ. ಹೋದೀತು. ಹೋಗಾಕ ಮೂರು–ನಾಲ್ಕು ತಾಸು, ಇಳಿಸಾಕ ಒಂದು ತಾಸು, ಬರಾಕ ಮೂರು ತಾಸು. ದಿನಕ್ಕ ಒಂದ ಖೇಪು. ಒಂದು ಚಕ್ಕಡಿ ಇದ್ದವರಿಗೆ 15 ದಿನ ಬೇಕು. ಆ 15 ದಿನ ಎತ್ತೂ ಹೊಲಕ್ಕಿಲ್ಲ, ಆಳೂ ಕೂಲಿಗಿಲ್ಲ. ಸ್ವಂತ ಚಕ್ಕಡಿ ಇದ್ರೂ ಪುಕ್ಕಟ ಆಗೂದಿಲ್ಲ. ಚಕ್ಕಡಿ ಇಲ್ಲದವರು ಬಾಡಿಗಿ ಕೊಡಬೇಕು, ಅದೂ ಊರಿನ ಎಲ್ಲರೂ ಅದ ವಾರ ಚಕ್ಕಡಿ ಹುಡುಕುವಾಗ.

ಇನ್ನ ವ್ಯಾಳ್ಯಾ. ಸುಗ್ಗಿ ಮುಗಿಯೂತನಕ ಬೆಳಿ ಬಿಟ್ಟು ಹೋಗಾಕ ಬರೂದಿಲ್ಲ. ಜೂನ್ ಮೊದಲ ವಾರ ದಾಟಿ ಮಿರಗ ಕೂಡಿದ್ರ ಹೊಳಿ ಏರಾಕ ಶುರು. ಅಷ್ಟರಾಗ ಹೊಸ ಮನಿ ಮ್ಯಾಲ ಮಾಳಿಗಿ ಬಿದ್ದಿರಬೇಕು, ಇಲ್ಲಂದ್ರ ಕಾಳು ತೋಯ್ತಾವ. ಅಂದ್ರ ಹಳೇ ಮನಿ ಬಿಚ್ಚೂದು, ಸಾಮಾನು ಸಾಗಸೂದು, ಹೊಸ ಮನಿ ಕಟ್ಟೂದು ಎಲ್ಲಾ ನಾಲ್ಕು ತಿಂಗಳಾಗ ಮುಗೀಬೇಕು.

ಭಾಗ 4/8: ಕಾನೂನಿನ ಒಂದು ಸಾಲು

ಈ ಖರ್ಚನ್ನ ಸರ್ಕಾರ ಎಣಿಸ್ತಿತ್ತೋ ಇಲ್ಲೋ?

ಹಿಡಕಲ್ ಕಾಲಕ್ಕ ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಅದರ 23ನೇ ಕಲಮು ಪರಿಹಾರ ಲೆಕ್ಕ ಹಾಕೋ ಕಲಮು. ಮೊದಲ ಅಂಶ ಭೂಮಿಯ ಮಾರುಕಟ್ಟೆ ಬೆಲೆ. ಆಮೇಲೆ ನಿಂತ ಬೆಳೆ, ಗಿಡ–ಮರ. ಐದನೇ ಅಂಶದಲ್ಲಿ ಮನೆ ಬದಲಾವಣೆ ಬರುತ್ತದೆ: ಸ್ವಾಧೀನದಿಂದಾಗಿ ಒಬ್ಬರು ವಾಸದ ಜಾಗವನ್ನೋ ವ್ಯಾಪಾರದ ಜಾಗವನ್ನೋ ಬದಲಿಸಬೇಕಾಗಿ ಬಂದರೆ, ಅದಕ್ಕೆ ತಗಲುವ ಯೋಗ್ಯ ವೆಚ್ಚವನ್ನು, ಏನಾದರೂ ಇದ್ದರೆ, ಕೊಡಬೇಕು.

ಆ "ಏನಾದರೂ ಇದ್ದರೆ" ಅನ್ನೋ ಮಾತು ನಂದಲ್ಲ, ಕಾಯ್ದೆಯ ಕಂಸದೊಳಗೆ ಇರೋದು. ಊರ ಮುಳುಗಿದ ಮ್ಯಾಲ ಖರ್ಚು ಇರಲಾರದ ಹೋದೀತೇನ್ರಿ? ಆದ್ರ ಕಾಯ್ದೆ ಒಂದು ಮೊತ್ತ ಹೇಳಲಿಲ್ಲ, ಪಟ್ಟಿ ಕೊಡಲಿಲ್ಲ. ಹಿಂಗಾಗಿ ಖರ್ಚು ಎಷ್ಟಾತು ಅಂತ ತೋರಿಸೋ ಭಾರ ಮನಿ ಕಳಕೊಂಡವರ ಮ್ಯಾಲ ಬೀಳ್ತಿತ್ತು. 15 ಖೇಪಿನ ಚಕ್ಕಡಿಗೆ ರಸೀದಿ ಯಾರು ಕೊಡ್ತಾರ? ಅಣ್ಣ–ತಮ್ಮರು ಬಂದು ತೊಲಿ ಇಳಿಸಿದ್ದಕ್ಕ ಬಿಲ್ಲು ಎಲ್ಲಿಂದ ತರೋದು?

ಭಾಗ 5/8: 40 ಗುಂಟೆ ಕೊಟ್ಟು 33 ಗುಂಟೆ

ದೊಡ್ಡ ಪೆಟ್ಟು ಬೀಳ್ತಿದ್ದದ್ದು ಸಾಗಾಣಿಕೆಯಲ್ಲಿ ಅಲ್ಲ, ಹೊಲದ ಲೆಕ್ಕದಲ್ಲಿ.

ಆ ಕಾಯ್ದೆ ಪ್ರಕಾರ ಬೆಲೆ ಗಟ್ಟಿಯಾಗೋದು ಮೊದಲ ಅಧಿಸೂಚನೆ ಹೊರಟ ದಿನಕ್ಕೆ. ಅದರ ಮೇಲೆ ಒತ್ತಾಯದಿಂದ ಭೂಮಿ ತಗೊಂಡದ್ದಕ್ಕೆ ಶೇ. 15 ಹೆಚ್ಚುವರಿ. ಇದಕ್ಕೆ ಸೊಲೇಶಿಯಂ ಅಂತಾರ, ಸಮಾಧಾನದ ಹಣ ಅಂತ ತಿಳ್ಕೊಳ್ರಿ. ಆದರೆ ಅಧಿಸೂಚನೆಯಿಂದ ಹಣ ಕೈಗೆ ಬರೋ ತನಕ ವರ್ಷಗಳು ಉರುಳಬಹುದು. ಆ ಹೊತ್ತಿಗೆ ಏನಾಗಿರ್ತೈತಿ? ಇಡೀ ಊರಿನವರು ಒಂದೇ ಸಲಕ್ಕೆ ಆಜೂಬಾಜು ಹಳ್ಳಿಗಳಾಗ ಹೊಲ ಹುಡುಕ್ತಿರ್ತಾರ. ಮಾರೋರಿಗೆ ಗೊತ್ತು, ಇವರು ಕೊಳ್ಳಲೇಬೇಕು ಅಂತ. ಮ್ಯಾಲ ನೀರಾವರಿ ಬರೋ ಕಡೆ ಬೆಲಿ ಬ್ಯಾರೆನ ಏರಿರ್ತೈತಿ.

ಮತ್ತೊಂದು ತರಗತಿ ಲೆಕ್ಕ. ಅಧಿಸೂಚನೆ ದಿನ ಎಕರೆಗೆ 100 ರೂಪಾಯಿ ಅನ್ನೋಣ. ಶೇ. 15 ಕೂಡಿದ್ರ 115. ಹಣ ಬಂದ ದಿನ ಹೊಸ ಊರಾಗ ಅಂಥದ್ದೇ ಎಕರೆಗೆ 140. ನಿಮಗೆ ಸಿಗೋದು 0.82 ಎಕರೆ. 40 ಗುಂಟೆ ಕೊಟ್ಟು 33 ಗುಂಟೆ ತಗೊಂಡಂಗ. ಅದೂ ಮನಿ ಕಟ್ಟಾಕ, ಎತ್ತಿನ ಮೇವಿಗೆ, ಮೊದಲ ಬೆಳಿ ಬರೂತನಕ ಹೊಟ್ಟಿಗೆ ಅಂತ ಒಂದು ರೂಪಾಯಿನೂ ಅದರಾಗಿಂದ ತಗೀಲಾರದ. ತಗದ್ರ ಎಷ್ಟು ಗುಂಟೆ ಉಳಿದೀತು, ನೀವ ಹಾಕಿ ನೋಡ್ರಿ.

ಭಾಗ 6/8: ಲೆಕ್ಕದಾಗ ಇಲ್ಲದವರು

ಹೊಲ ಇದ್ದವರ ಕಥಿ ಇದಾದ್ರ, ಹೊಲ ಇಲ್ಲದವರದು?

ಒಂದು ಹಳ್ಳಿ ಅಂದ್ರ ರೈತರಷ್ಟೇ ಅಲ್ಲ. ಬಡಿಗೇರ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಎಲ್ಲರೂ ಇದ್ದರು. ಸುಗ್ಗಿಯಾಗ ಕಣಕ್ಕೆ ಹೋಗಿ ರೈತರಿಂದ ಆಯ ತಗೊಳ್ಳೋದು ಇವರ ವರ್ಷದ ಗಳಿಕೆ. ಒಬ್ಬ ಕಮ್ಮಾರನ ಆಸ್ತಿ ಅವನ ತಿದಿ, ಅಡಿಗಲ್ಲು ಅಷ್ಟ ಅಲ್ಲ. ಮೂವತ್ತು ನಲವತ್ತು ರೈತರ ಮನೆತನಗಳ ಜೋಡಿ ಇರೋ ಸಂಬಂಧ ಅವನ ನಿಜವಾದ ಆಸ್ತಿ. ಆ ಮನೆತನಗಳು ನಾಲ್ಕು ದಿಕ್ಕಿಗೆ ಚದುರಿದ್ರ ತಿದಿ ಒಯ್ದು ಏನು ಮಾಡಾವ? ಹೊಸ ಊರಾಗ ಆಗಲೇ ಒಬ್ಬ ಕಮ್ಮಾರ ಇರ್ತಾನ.

ಕೂಲಿ ಮಾಡೋರದೂ ಹಂಗ. 1894ರ ಕಾಯ್ದೆ ಹಣ ಕೊಡ್ತಿದ್ದದ್ದು ಸ್ವಾಧೀನವಾದ ಭೂಮಿಯಲ್ಲಿ ಹಿತಾಸಕ್ತಿ ಇದ್ದವರಿಗೆ. ಬೇರೆಯವರ ಹೊಲದಾಗ ದುಡಿದವರಿಗೆ ಹೊಲ ಹೋದ್ರ ಕೆಲಸ ಹೋಗ್ತಿತ್ತು, ಪರಿಹಾರ ಬರ್ತಿರಲಿಲ್ಲ.

ಭಾಗ 7/8: ಒಂದು ಸಾಲು ಪಟ್ಟಿ ಆದದ್ದು

ಇದು ನಮ್ಮ ಜಿಲ್ಲೆಯದಷ್ಟೇ ಕಥಿ ಅಲ್ಲ. ದೇಶದ ತುಂಬ ಅಣೆಕಟ್ಟಿನಿಂದ ಊರು ಬಿಟ್ಟವರು ಇದೇ ಪ್ರಶ್ನೆ ಎತ್ತಿದರು. ಗಡಿಯಾಚೆ ಮಹಾರಾಷ್ಟ್ರ 1976ರಲ್ಲೇ ಯೋಜನಾ ಸಂತ್ರಸ್ತರ ಪುನರ್ವಸತಿಗೆ ಕಾಯ್ದೆ ಮಾಡಿತು. 1984ರಲ್ಲಿ ಕೇಂದ್ರ ತನ್ನ ಹಳೆಯ ಕಾಯ್ದೆ ತಿದ್ದಿತು. ಸೊಲೇಶಿಯಂ ಶೇ. 15ರಿಂದ 30ಕ್ಕೆ ಏರಿತು. ಅಧಿಸೂಚನೆಯ ನಂತರ ಬೆಲೆ ನಿಂತಲ್ಲೇ ನಿಲ್ಲೋ ತೊಂದರೆಗೆ ವರ್ಷಕ್ಕೆ ಶೇ. 12 ಹೆಚ್ಚುವರಿ ಬಂತು. ಹಿಡಕಲ್ ಕಟ್ಟಡ ಮುಗಿದು ಏಳು ವರ್ಷ ಆದ ಮ್ಯಾಲ.

2013ರಲ್ಲಿ ಹೊಸ ಕಾಯ್ದೆ ಬಂತು, 2014ರ ಜನವರಿ 1ರಿಂದ ಜಾರಿ. ಸೊಲೇಶಿಯಂ ಶೇ. 100. ಹಳ್ಳಿಯ ಭೂಮಿಯ ಬೆಲೆಯನ್ನು ಎರಡು ಪಟ್ಟಿನವರೆಗೆ ಗುಣಿಸಲು ಅವಕಾಶ. ಅದರ ಎರಡನೇ ಅನುಸೂಚಿ ಓದಿದ್ರ ನಮ್ಮ ಚಕ್ಕಡಿ ಲೆಕ್ಕ ನೆನಪಾಗತೈತಿ:

• ಕುಟುಂಬ, ಕಟ್ಟಡ ಸಾಮಗ್ರಿ, ಸಾಮಾನು, ದನಕರು ಸಾಗಿಸಲು 50,000 ರೂ.
• ಒಂದು ವರ್ಷ ತಿಂಗಳಿಗೆ 3,000 ರೂ. ಜೀವನ ನಿರ್ವಹಣೆಗೆ
• ಒಂದು ಸಲದ ಪುನರ್ವಸತಿ ಭತ್ಯೆ 50,000 ರೂ.
• ದನದ ಕೊಟ್ಟಿಗೆ ಇಲ್ಲವೇ ಸಣ್ಣ ಅಂಗಡಿಗೆ ಕನಿಷ್ಠ 25,000 ರೂ.
• ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳಿಗೆ ಕನಿಷ್ಠ 25,000 ರೂ.

ಹೊಲ–ಮನಿ ಬೆಲಿ ಬ್ಯಾರೆ. ದನ ಇರೋ ಒಂದು ರೈತ ಕುಟುಂಬಕ್ಕೆ ಮೊದಲ ನಾಲ್ಕು ಕೂಡಿದ್ರ 1,61,000 ರೂ. ಮೂರು ವರ್ಷದಿಂದ ಅಲ್ಲೇ ದುಡಿದು ಬದುಕಿರೋ ಕೂಲಿಕಾರರು, ಕುಶಲಕರ್ಮಿಗಳು ಕೂಡ ಬಾಧಿತ ಕುಟುಂಬ ಅಂತ ಈ ಕಾಯ್ದೆಯ ವ್ಯಾಖ್ಯೆಯೊಳಗೆ ಬಂದರು. ನೀರಾವರಿ ಯೋಜನೆಯಾದರೆ ಮುಳುಗಡೆಗೆ ಆರು ತಿಂಗಳು ಮೊದಲೇ ಪುನರ್ವಸತಿ ಮುಗಿಯಬೇಕು ಅಂತಲೂ ಬರೆದರು. ಹೊಲ ಕಳಕೊಂಡವರಿಗೆ ಅದೇ ಯೋಜನೆಯ ನೀರು ಹರಿಯೋ ಕಡೆ ಕನಿಷ್ಠ ಒಂದು ಎಕರೆ ಅಂತನೂ ಐತಿ, ಆದ್ರ "ಸಾಧ್ಯವಾದಷ್ಟು" ಅನ್ನೋ ಮಾತು ಜೋಡಿಗೆ ಬಂದೈತಿ. 119 ವರ್ಷ ಆದ ಮ್ಯಾಲೂ ಆ ಸಣ್ಣ ಮಾತು ಕಾಯ್ದೆ ಬಿಟ್ಟು ಹೋಗಿಲ್ಲ.

ಭಾಗ 8/8: ನಮಗ್ಯಾಕ ಬೇಕು?

2019ರ ಆಗಸ್ಟ್ ನೆನಪೈತಲ್ಲ? ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ಒಟ್ಟಿಗೆ ಏರಿದವು. ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಊರೊಳಗೆ ನೀರು ಬಂತು. ಅಣೆಕಟ್ಟು ವರ್ಷಗಟ್ಟಲೆ ಮೊದಲೇ ನೋಟಿಸ್ ಕೊಡತೈತಿ. ಪ್ರವಾಹ ಕೊಡೋದು ಕೆಲವು ತಾಸು.

ಇದೇ ಘಟಪ್ರಭಾ ಕೆಳಗೆ ಹೋಗಿ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡತೈತಿ. ಅದು ಆಲಮಟ್ಟಿ ಹಿನ್ನೀರಿನ ಜಾಗ. ಆ ಹಿನ್ನೀರಿಗಾಗಿ ಬಾಗಲಕೋಟೆಯ ದೊಡ್ಡ ಭಾಗವೇ ನವನಗರಕ್ಕೆ ಎದ್ದು ಹೋಯಿತು. ಈಗ ಆಲಮಟ್ಟಿ ಮಟ್ಟ 519.6 ಮೀಟರ್. 524.256ರ ತನಕ ಏರಿಸಾಕ ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಏರಿಸಿದ ದಿನ ಮತ್ತಷ್ಟು ಮನೆತನ ಈ ಹಾಳಿ ಬರೀಬೇಕು. ಅವರೊಳಗ ನಿಮ್ಮ ಬೀಗರು, ನಿಮ್ಮ ಕ್ಲಾಸ್‌ಮೇಟ್ ಇರಬಹುದು.

ಅದಕ್ಕ ಮೂರು ಮಾತು.

ಒಂದು: ನೋಟಿಸ್ ಬಂದ್ರ ಅದರ ತಾರೀಖು ಬರೆದಿಟ್ಕೊಳ್ರಿ. ಪರಿಹಾರ ಕಡಿಮಿ ಅನಿಸಿದ್ರ ಹಣ ತಗೊಳ್ಳುವಾಗಲೇ ತಕರಾರು ಐತಿ ಅಂತ ಬರೆದು ಸಹಿ ಮಾಡ್ರಿ. ಐತೀರ್ಪು ಹೇಳುವಾಗ ಹಾಜರಿದ್ದವರಿಗೆ ಅರ್ಜಿ ಹಾಕಾಕ ಇರೋದು ಆರು ವಾರ. ಹಳೇ ಕಾಯ್ದೆಯಾಗೂ ಆರು ವಾರ ಇತ್ತು, ಹೊಸದರಾಗೂ ಆರ. ರಾಜ್ಯಗಳು ತಿದ್ದುಪಡಿ ಮಾಡಿರ್ತಾವ, ಹಿಂಗಾಗಿ ಅವತ್ತಿನ ನಿಯಮ ವಕೀಲರ ಹತ್ರ ಕೇಳ್ರಿ.

ಎರಡು: ಮನಿಯ ಪಟ್ಟಿ ಈಗಲೇ ಮಾಡ್ರಿ. ಉತಾರ, ಮನಿ ಫೋಟೋ, ಬಾವಿ, ಗಿಡ–ಮರ, ಕೊಟ್ಟಿಗಿ, ದನ ಎಷ್ಟು ಅಂತ. ಫೋನ್‌ನಾಗ ಹತ್ತು ನಿಮಿಷದ ಕೆಲಸ. ಪ್ರವಾಹ ಬಂದ್ರೂ ಉಪಯೋಗ ಆಗತೈತಿ.

ಮೂರು: ಮನ್ಯಾಗ ಆಯಿ, ಮುತ್ಯಾ ಹಳೇ ಊರು ಬಿಟ್ಟು ಬಂದವರಿದ್ರ ಕೂತು ಕೇಳ್ರಿ. "ಬ್ಯಾಸರಾತೇನು?" ಅಂತ ಕೇಳಬ್ಯಾಡ್ರಿ. ಎಷ್ಟು ಚಕ್ಕಡಿ ಹೂಡಿದ್ರಿ, ಯಾವ ತೊಲಿ ತಂದ್ರಿ, ಏನು ಬಿಟ್ಟು ಬಂದ್ರಿ, ರೊಕ್ಕ ಯಾವಾಗ ಬಂತು, ಅದರಾಗ ಎಷ್ಟು ಗುಂಟೆ ಬಂತು ಅಂತ ಕೇಳ್ರಿ, ಬರ್ಕೊಳ್ರಿ. ಸರ್ಕಾರಿ ಕಡತದಾಗ ಊರಿನ ಹೆಸರು, ಸರ್ವೆ ನಂಬರು, ಮೊತ್ತ ಸಿಗತಾವ. ಚಕ್ಕಡಿ ಎಷ್ಟು ಅನ್ನೋದು ಅವರ ಬಾಯಾಗ ಅಷ್ಟ ಐತಿ.

ಮುಂದಿನ ಸರಣಿ ಧೂಪದಾಳ ಒಡ್ಡಿನ ಮ್ಯಾಲ. ಅಲ್ಲೀತನಕ, ಕಾಲುವೆ ನೀರು ಹಾಯಿಸೋ ಗೋಕಾಕ–ಮೂಡಲಗಿ ದೋಸ್ತರ, ಇದನ್ನ ನಿಮ್ಮ ಹುಕ್ಕೇರಿ ದೋಸ್ತರಿಗೆ ಕಳಸ್ರಿ.

#ಹಿಡಕಲ್ #ಘಟಪ್ರಭಾ #ಹುಕ್ಕೇರಿ #ಗೋಕಾಕ #ಮೂಡಲಗಿ #ನಮ್ಮೂರಇತಿಹಾಸ