ಬೀಗ ಒಂದೇ, ಹೆಸರು ಹಲವು

ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ರಾಷ್ಟ್ರಕೂಟರ ಹಾಗೂ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ನಾಗರಖಂಡದ ಪ್ರಮುಖ ಪಟ್ಟಣವಾಗಿತ್ತು. ಅದರ ವೈಭವಕ್ಕೆ ಇಂದು ಶಾಂತಿನಾಥ ಬಸದಿ, ತ್ರಿಮೂರ್ತಿ ಮತ್ತು ಸೋಮೇಶ್ವರ ದೇಗುಲಗಳು ಸಾಕ್ಷಿ. ಆ ಪಟ್ಟಣಕ್ಕೆ ‘ಪಾಳುಬಿದ್ದಿತು’ ಎಂಬ ಒಂದು ಮಾತು ಸಾಕು. ಬಾಕಿ ಕೇಳುವವರು ಅಲ್ಲಿ ಯಾರೂ ಇಲ್ಲ. ಆದರೆ ಅದೇ ಜಿಲ್ಲೆಯ ಭದ್ರಾವತಿಯಂಥ ಊರಿನಲ್ಲಿ ಕಾರ್ಖಾನೆ ನಿಂತರೆ ‘ಮುಚ್ಚಿತು’ ಎಂದಷ್ಟೇ ಹೇಳಿದರೆ ಸಾಲದು. ಇದಕ್ಕೆ ಇಂಗ್ಲಿಷಿನಲ್ಲಿ ಹಲವು ಪದಗಳಿದ್ದು, ಒಂದೊಂದಕ್ಕೂ ಕಾನೂನಿನಲ್ಲಿ ಬೇರೆ ಬೇರೆ ಅರ್ಥವಿದೆ.

ಶಟ್‌ಡೌನ್: ದುರಸ್ತಿ ಇತ್ಯಾದಿ ಕಾರಣಕ್ಕೆ ಯಂತ್ರಗಳನ್ನು ನಿಲ್ಲಿಸುವುದು. ನೌಕರಿಗೆ ಇದರಿಂದ ಧಕ್ಕೆಯಿಲ್ಲ.

ಲೇ-ಆಫ್: ವಿದ್ಯುತ್, ಕಲ್ಲಿದ್ದಲು ಅಥವಾ ಕಚ್ಚಾವಸ್ತುವಿನ ಕೊರತೆಯಂಥ ಕಾರಣದಿಂದ ಮಾಲೀಕರು ಕೆಲಸ ಕೊಡಲಾಗದ ಸ್ಥಿತಿ. ಕಾರ್ಮಿಕನ ಹೆಸರು ಹಾಜರಿ ಪಟ್ಟಿಯಲ್ಲೇ ಇರುತ್ತದೆ. ಅರ್ಹರಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ದೊರೆಯುತ್ತದೆ.

ಲಾಕೌಟ್: ಮಾಲೀಕರು ತಾತ್ಕಾಲಿಕವಾಗಿ ಘೋಷಿಸುವ ಬೀಗಮುದ್ರೆ. 2020ರ ನವೆಂಬರ್‌ನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಘೋಷಣೆಯಾದದ್ದು ಇದೇ. ವಿವಾದ ಬಗೆಹರಿದರೆ ಬೀಗ ತೆರೆಯುತ್ತದೆ.

ಕ್ಲೋಷರ್: ಕೆಲಸದ ಸ್ಥಳವನ್ನು ಅಥವಾ ಅದರ ಒಂದು ಭಾಗವನ್ನು ಶಾಶ್ವತವಾಗಿ ಮುಚ್ಚುವುದು. ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಹೀಗೆ ಮುಚ್ಚಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. 1947ರ ಕೈಗಾರಿಕಾ ವಿವಾದ ಕಾಯಿದೆಯನ್ವಯ 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಗಳು ಇದಕ್ಕೆ ಸರ್ಕಾರದ ಪೂರ್ವಾನುಮತಿ ಪಡೆಯಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಮಿತಿಯನ್ನು 300ಕ್ಕೆ ಏರಿಸಿದೆ. ಮುಚ್ಚುವ ನಿರ್ಧಾರವೇ ಮುಚ್ಚುಗಡೆಯಲ್ಲ ಎಂಬುದಕ್ಕೆ ಭದ್ರಾವತಿಯೇ ನಿದರ್ಶನ: ವಿಶ್ವೇಶ್ವರಯ್ಯ ಉಕ್ಕು ಕಾರ್ಖಾನೆಯನ್ನು ಮುಚ್ಚಲು ಉಕ್ಕು ಪ್ರಾಧಿಕಾರ 2023ರ ಜನವರಿಯಲ್ಲಿ ನಿರ್ಧರಿಸಿತು, ಅದೇ ವರ್ಷದ ಆಗಸ್ಟ್‌ನಲ್ಲಿ ಅಲ್ಲಿನ ಬಾರ್ ಮಿಲ್ ಮತ್ತೆ ಚಾಲನೆಗೊಂಡಿತು.

ವೈಂಡಿಂಗ್ ಅಪ್: ಇಲ್ಲಿ ಕೊನೆಗಾಣುವುದು ಕಾರ್ಖಾನೆಯಲ್ಲ, ಕಂಪನಿಯ ವ್ಯವಹಾರ. ಬೆಂಗಳೂರು ಮೂಲದ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಮೊದಲು ಭಾಗಶಃ ಲಾಕೌಟ್ ಘೋಷಿಸಿತು. ಅದೇ ತಿಂಗಳು ಅದರ ಪರವಾನಗಿ ಅಮಾನತಾಯಿತು. ಕಂಪನಿಯ ಸಮಾಪನಕ್ಕೆ ರಾಜ್ಯ ಹೈಕೋರ್ಟ್ ಆದೇಶಿಸಿದ್ದು 2016ರ ನವೆಂಬರ್‌ನಲ್ಲಿ. ಬೀಗ ಬಿದ್ದದ್ದಕ್ಕೂ ಸಮಾಪನದ ಆದೇಶಕ್ಕೂ ನಡುವೆ ನಾಲ್ಕು ವರ್ಷ ಉರುಳಿದ್ದವು.

ಲಿಕ್ವಿಡೇಷನ್: ಆಸ್ತಿ ಮಾರಿ ಸಾಲಗಾರರಿಗೆ ಹಂಚುವ ಹಂತ. 2016ರ ದಿವಾಳಿ ಸಂಹಿತೆಯ ಪ್ರಕಾರ ಪ್ರಕ್ರಿಯೆಯ ವೆಚ್ಚ ಕಳೆದ ನಂತರ, ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ ಆಧಾರಸಹಿತ ಸಾಲದಷ್ಟೇ ಆದ್ಯತೆಯುಂಟು. ಇತರ ನೌಕರರ 12 ತಿಂಗಳ ಬಾಕಿ ಅದರ ಮುಂದಿನ ಸಾಲಿನಲ್ಲಿ ಬರುತ್ತದೆ.

ಡಿಸಲ್ಯೂಷನ್: ವಿಸರ್ಜನೆ. ಕಾನೂನಿನ ಕಣ್ಣಿನಲ್ಲಿ ಕಂಪನಿಯ ಅಸ್ತಿತ್ವವೇ ಅಳಿಯುತ್ತದೆ.

ಗೇಟಿನ ಮೇಲಿನ ನೋಟಿಸಿನಲ್ಲಿ ಯಾವ ಪದವಿದೆ ಎಂಬುದನ್ನು ಕಾರ್ಮಿಕರು ಮೊದಲು ಗಮನಿಸುವುದು ಒಳಿತು. ಲಾಕೌಟ್ ಆದಾಗ ಕೆಲಸ ಮರಳಿ ಕೇಳಬಹುದು, ಕ್ಲೋಷರ್ ಆದಾಗ ಪರಿಹಾರ ಕೇಳಬಹುದು, ಲಿಕ್ವಿಡೇಷನ್‌ನಲ್ಲಿ ನಿಗದಿತ ಅವಧಿಯೊಳಗೆ ಬಾಕಿಯ ಹಕ್ಕು ಮಂಡಿಸಬಹುದು. ಡಿಸಲ್ಯೂಷನ್ ಆದ ಮೇಲೆ ಕೇಳೋಣವೆಂದರೆ ಕೊಡಬೇಕಾದ ಕಂಪನಿಯೇ ಇರುವುದಿಲ್ಲ.